ಹಿಪ್-ಹಾಪ್ ಟಾಪ್ 10 ಪಟ್ಟಿ ಮಾಡುವುದು ಹೇಗೆ, ಮಾಡಿದ ಮೇಲೆ ಜಗಳ ಆಡುವುದು ಹೇಗೆ

ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಇದೇ: ‘ನನ್ನ ಟಾಪ್ 10 ಹಿಪ್-ಹಾಪ್ ಆಲ್ಬಮ್ ನೋಡಿ, ಹೇಗಿದೆ ಹೇಳಿ.’ ನೋಡುತ್ತೇನೆ. ಮೊದಲ ನಾಲ್ಕು ಯಾವುದೋ ಪತ್ರಿಕೆಯ ಪಟ್ಟಿಯಿಂದ ಇಳಿಸಿಕೊಂಡದ್ದು, ನಡುವಿನ ಮೂರು ಪಿಯುಸಿಯಲ್ಲಿದ್ದಾಗ ಕೇಳಿದ್ದು, ಕೊನೆಯ ಮೂರು ಮೊನ್ನೆ ಮೊನ್ನೆ ಬಂದದ್ದು. ‘ರ‍್ಯಾಪರ್ ನಾಸ್ ಯಾಕೆ ಮೇಲೆ, ಅವನ ಕಾಲದವನೇ ಆದ ಬಿಗ್ಗಿ ಯಾಕೆ ಕೆಳಗೆ?’ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಬೆಂಕಿ ಇಮೋಜಿ ಬರುತ್ತದೆ.

ಇವರ ಕಿವಿ ಚೆನ್ನಾಗಿಯೇ ಇರುತ್ತದೆ. ಕೆಲಸದ ಕ್ರಮ ಉಲ್ಟಾ ಆಗಿರುತ್ತದೆ. ಮೊದಲು ಹೆಸರು ಬರೆದುಬಿಡುತ್ತಾರೆ, ಆಮೇಲೆ ಆ ಹೆಸರಿಗೆ ಹೊಂದುವ ಕಾರಣ ಹುಡುಕುತ್ತಾ ಕೂರುತ್ತಾರೆ. ಹೊಲಿದ ಮೇಲೆ ಅಳತೆ ತೆಗೆದರೆ ಅಂಗಿ ಯಾರಿಗೂ ಆಗುವುದಿಲ್ಲ, ಅಲ್ವಾ? ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎಲ್ಲೆಲ್ಲಿ ಕೈ ಕೊಡುತ್ತದೆ ಅನ್ನುವುದನ್ನೂ ಜೊತೆಗೇ ಹೇಳಿದ್ದೇನೆ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಪೆನ್ನು. ಫೋನಿನ ನೋಟ್ಸ್ ಆ್ಯಪ್ ಬೇಡ, ಅದರಲ್ಲಿ ಹಳೆಯದನ್ನು ಅಳಿಸುವುದು ಸುಲಭ, ನಮಗೆ ಹೊಡೆದುಹಾಕಿದ್ದೂ ಕಾಣಬೇಕು.

ಒಂದು ಮಾಮೂಲಿ ಹೆಡ್‌ಫೋನ್. ದುಬಾರಿಯದ್ದೇ ಬೇಕಿಲ್ಲ, ಆದರೆ ಫೋನ್ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. 1992ರ ‘ದಿ ಕ್ರಾನಿಕ್’ನಲ್ಲಿ ಡಾ. ಡ್ರೇ ಮಾಡಿದ ಕೆಲಸದ ಮುಕ್ಕಾಲು ಪಾಲು ಬೇಸ್‌ನಲ್ಲಿದೆ. ಬೇಸ್ ಕೇಳದಿದ್ದರೆ ಒಗ್ಗರಣೆ ಇಲ್ಲದ ಸಾರು ತಿಂದು ಅಡುಗೆಯವರಿಗೆ ಬೈದ ಹಾಗೆ.

ಹಾಡಿನ ಸಾಹಿತ್ಯ ನೋಡಲು ಜೀನಿಯಸ್ ಅನ್ನುವ ಜಾಲತಾಣ, ಯಾವ ಹಳೆಯ ಹಾಡಿನ ತುಣುಕು (ಸ್ಯಾಂಪಲ್) ಎಲ್ಲಿ ಬಳಕೆಯಾಗಿದೆ ಅಂತ ನೋಡಲು ಹೂಸ್ಯಾಂಪಲ್ಡ್. ಎರಡೂ ಪುಕ್ಕಟೆ ಸಿಗುತ್ತವೆ.

ಎರಡು ತಿಂಗಳು ಸಮಯ. ಇದಕ್ಕೆ ಅಡ್ಡದಾರಿ ಇಲ್ಲ. ಇನ್ನು ಒಂದು ವಿಷಯ ಬೇಡವೇ ಬೇಡ: 7ನೇ ಹಂತದವರೆಗೆ ಬೇರೆಯವರ ಕ್ರಮಾಂಕದ ಪಟ್ಟಿ, ರಿಯಾಕ್ಷನ್ ವಿಡಿಯೋ ಯಾವುದನ್ನೂ ತೆರೆಯಬೇಡಿ. ಒಮ್ಮೆ ಕಣ್ಣಿಗೆ ಬಿದ್ದ ನಂಬರ್ ತಲೆಯಿಂದ ಹೋಗುವುದಿಲ್ಲ.

## ಹಂತ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ಬೆಸ್ಟ್ ಆಲ್ಬಮ್’ ಅನ್ನುವ ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿ ಕೂತಿವೆ. ನನಗೆ ತುಂಬಾ ಇಷ್ಟ ಆದದ್ದು ಯಾವುದು? ಕಸುಬಿನ ದೃಷ್ಟಿಯಿಂದ ಎಲ್ಲಕ್ಕಿಂತ ಚೆನ್ನಾಗಿ ಆಗಿರುವುದು ಯಾವುದು? ಆಮೇಲೆ ಬಂದವರ ದಾರಿಯನ್ನೇ ಬದಲಿಸಿದ್ದು ಯಾವುದು? ಮೂರಕ್ಕೂ ಮೂರು ಪಟ್ಟಿ ಬರುತ್ತದೆ. ಕಾನ್ಯೆ ವೆಸ್ಟ್‌ನ 2008ರ ‘808ಸ್ ಆ್ಯಂಡ್ ಹಾರ್ಟ್‌ಬ್ರೇಕ್’ ಮೂರನೇ ಪಟ್ಟಿಯಲ್ಲಿ ಎದೆಯುಬ್ಬಿಸಿ ಕೂರುತ್ತದೆ, ಎರಡನೆಯದರಲ್ಲಿ ಟಾಪ್ 30ಕ್ಕೆ ಬಂದರೆ ದೊಡ್ಡದು.

ದೊಡ್ಡವರ ಪಟ್ಟಿಗಳಲ್ಲೂ ಇದೇ ಕಥೆ. 2022ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ 200 ಹಿಪ್-ಹಾಪ್ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಮೊದಲನೇ ಸ್ಥಾನ ನಟೋರಿಯಸ್ ಬಿ.ಐ.ಜಿ.ಯ (ಬಿಗ್ಗಿ ಅಂದರೆ ಇವನೇ) ‘ರೆಡಿ ಟು ಡೈ’ಗೆ ಹೋಯಿತು. 2024ರಲ್ಲಿ ಆ್ಯಪಲ್ ಮ್ಯೂಸಿಕ್ ಎಲ್ಲ ಬಗೆಯ ಸಂಗೀತವನ್ನೂ ಸೇರಿಸಿ 100 ಆಲ್ಬಮ್ ಆರಿಸಿದಾಗ ಲಾರಿನ್ ಹಿಲ್‌ನ 1998ರ ‘ದ ಮಿಸ್‌ಎಜುಕೇಶನ್’ ಮೊದಲು ಬಂತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೇಳಿಕೊಂಡ ಪ್ರಶ್ನೆ ಬೇರೆ.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆ ಬರೆಯಿರಿ. ನನ್ನದು ಹೀಗಿತ್ತು: ‘ಇವತ್ತು ಮೊದಲಿನಿಂದ ಕೊನೆಯವರೆಗೆ ಕೇಳಿದರೆ ಹಿಪ್-ಹಾಪ್ ಆಲ್ಬಮ್ ಆಗಿ ಯಾವುದು ಹೆಚ್ಚು ಗಟ್ಟಿ?’ ಇದರಲ್ಲಿ ಪ್ರಭಾವವೂ ಇಲ್ಲ, ನೆನಪೂ ಇಲ್ಲ. ನಿಮಗೆ ಅವು ಬೇಕಿದ್ದರೆ ಸೇರಿಸಿ, ಆದರೆ ಈಗಲೇ ಸೇರಿಸಿ.

ಎಚ್ಚರಿಕೆ: ಪ್ರಶ್ನೆಯಲ್ಲಿ ‘ಮತ್ತು’ ಎರಡು ಸಲ ಬಂದರೆ ನೀವು ಎರಡು ಪಟ್ಟಿ ಮಾಡಲು ಹೊರಟಿದ್ದೀರಿ ಅಂತ ಅರ್ಥ.

## ಹಂತ 2: ಬೇಲಿ ಹಾಕಿ

ಯಾವುದು ಒಳಗೆ, ಯಾವುದು ಹೊರಗೆ? ಮುಕ್ಕಾಲು ಜಗಳ ಹುಟ್ಟುವುದು ಇಲ್ಲೇ. ಲಾರಿನ್ ಹಿಲ್ ಆಲ್ಬಮ್‌ನಲ್ಲಿ ಹಾಡುಗಾರಿಕೆಯೇ ಜಾಸ್ತಿ. ಜೆ ಡಿಲ್ಲಾನ ‘ಡೋನಟ್ಸ್’ (2006) ಬರೀ ಬೀಟ್‌ಗಳ (ಮಾತಿನ ಹಿಂದೆ ನಡೆಯುವ ಸಂಗೀತದ) ಆಲ್ಬಮ್, ರ‍್ಯಾಪ್ ಮಾಡುವವರೇ ಇಲ್ಲ. ಇಬ್ಬರ ತಂಡ ಔಟ್‌ಕಾಸ್ಟ್‌ನ 2003ರ ಜೋಡಿ ಆಲ್ಬಮ್‌ನಲ್ಲಿ ಬಿಗ್ ಬಾಯ್‌ನ ಅರ್ಧ ಅಪ್ಪಟ ರ‍್ಯಾಪ್, ಆಂಡ್ರೆ 3000ನ ಅರ್ಧದಲ್ಲಿ ಅವನು ಬಹುತೇಕ ಹಾಡಿಯೇ ಮುಗಿಸುತ್ತಾನೆ. ಲಿಲ್ ವೇಯ್ನ್‌ನ 2007ರ ‘ಡಾ ಡ್ರೌಟ್ 3’ ಬೇರೆಯವರ ಬೀಟ್‌ಗಳ ಮೇಲೆ ಮಾಡಿ ಪುಕ್ಕಟೆ ಬಿಟ್ಟ ಮಿಕ್ಸ್‌ಟೇಪ್, ಅಂಗಡಿಗೆ ಬಂದ ಆಲ್ಬಮ್ ಅಲ್ಲ.

ಒಂದೊಂದಕ್ಕೂ ಒಂದು ಸಾಲಿನ ನಿಯಮ ಬರೆಯಿರಿ. ನನ್ನ ನಿಯಮ: ಅರ್ಧಕ್ಕಿಂತ ಜಾಸ್ತಿ ರ‍್ಯಾಪ್ ಇರಬೇಕು, ಇಲ್ಲವೇ ಪೂರ್ತಿ ಹಿಪ್-ಹಾಪ್ ಪದ್ಧತಿಯಲ್ಲಿ ಸ್ಯಾಂಪಲ್ ಕತ್ತರಿಸಿ ಕಟ್ಟಿದ್ದಾಗಿರಬೇಕು. ಇದರ ಪ್ರಕಾರ ‘ಡೋನಟ್ಸ್’ ಒಳಗೆ ಬಂತು, ‘808ಸ್’ ಹೊರಗೆ ಹೋಯಿತು. ಲಾರಿನ್ ಹಿಲ್ ಹೊರಗೆ ಹೋದದ್ದು ನನಗೂ ಹೊಟ್ಟೆ ಉರಿಯಿತು. ಆದರೆ ಇಷ್ಟದ ಆಲ್ಬಮ್‌ಗಾಗಿ ನಿಯಮ ಬದಲಿಸಿದರೆ ಆಮೇಲೆ ಯಾವ ನಿಯಮವೂ ನಿಲ್ಲುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಅಮೆರಿಕದ ಒಂಬತ್ತು ಆಲ್ಬಮ್ ಬರೆದು ಹತ್ತನೆಯದಕ್ಕೆ ‘ನಮ್ಮವರೂ ಇರಲಿ’ ಅಂತ ಬ್ರೋಧ ವಿ ಅಥವಾ ಆಲ್ ಓಕೆ ಹೆಸರು ತುರುಕಬೇಡಿ. ಅದು ಮರ್ಯಾದೆ ಅಲ್ಲ, ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ ಹಾಗೆ. ಬೆಂಗಳೂರಿನ ರ‍್ಯಾಪ್ ಹೆಚ್ಚಾಗಿ ಬಿಡಿ ಹಾಡು, ವಿಡಿಯೋಗಳಾಗಿ ಬಂದದ್ದು, ಹಾಗಾಗಿ ಅದಕ್ಕೆ ಹಾಡುಗಳ ಪಟ್ಟಿಯೇ ಸರಿ. ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ 2024ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ 23ನೇ ಸ್ಥಾನ ಮುಟ್ಟಿದ್ದೂ ಒಂದೇ ಒಂದು ಹಾಡಾಗಿ.

## ಹಂತ 3: 60 ಹೆಸರಿನ ರಾಶಿ ಹಾಕಿ

ಟಾಪ್ 10 ಬೇಕಾದರೆ ಕನಿಷ್ಠ 60ರಿಂದ ಶುರು ಮಾಡಿ. ಎಡಗಡೆ ವರ್ಷ, ಮೇಲೆ ಊರು: ನ್ಯೂಯಾರ್ಕ್, ಲಾಸ್ ಏಂಜಲಿಸ್, ಅಟ್ಲಾಂಟಾ, ಹ್ಯೂಸ್ಟನ್, ಮೆಂಫಿಸ್, ನ್ಯೂ ಆರ್ಲಿನ್ಸ್, ಡೆಟ್ರಾಯಿಟ್, ಶಿಕಾಗೋ. ಗೊತ್ತಿರುವುದನ್ನು ಮನೆಗಳಲ್ಲಿ ತುಂಬುತ್ತಾ ಹೋಗಿ. ಖಾಲಿ ಉಳಿದ ಮನೆಗಳು ಎಲ್ಲಿವೆ ಅಂತ ಆಗ ಕಣ್ಣಿಗೆ ಹೊಡೆಯುತ್ತದೆ. ನಮ್ಮವರಲ್ಲಿ ಹೆಚ್ಚಿನವರಿಗೆ ಅಮೆರಿಕದ ದಕ್ಷಿಣ ಭಾಗ ಪೂರ್ತಿ ಖಾಲಿ. ಸ್ಕಾರ್‌ಫೇಸ್‌ನ ‘ದ ಡೈರಿ’ (1994), ಗುಡೀ ಮಾಬ್‌ನ ‘ಸೋಲ್ ಫುಡ್’ (1995), ಯುಜಿಕೆಯ ‘ರೈಡಿನ್ ಡರ್ಟಿ’ (1996) ಕೇಳದೆ ‘ಸಾರ್ವಕಾಲಿಕ’ ಅನ್ನುವ ಪದ ಬಳಸಬೇಡಿ. ಹೆಂಗಸರ ಆಲ್ಬಮ್‌ಗಳೂ ಹೀಗೆಯೇ ಬಿಟ್ಟುಹೋಗುತ್ತವೆ. ಮಿಸ್ಸಿ ಎಲಿಯಟ್‌ನ ‘ಸೂಪಾ ಡೂಪಾ ಫ್ಲೈ’ (1997), ರ‍್ಯಾಪ್ಸಡಿಯ ‘ಲೈಲಾಸ್ ವಿಸ್ಡಮ್’ (2017), ನೋನೇಮ್‌ನ ‘ಟೆಲಿಫೋನ್’ (2016) ರಾಶಿಯಲ್ಲಾದರೂ ಇರಲಿ. ಗೆಲ್ಲುವುದು ಬಿಡುವುದು ಆಮೇಲಿನ ಮಾತು.

ವರ್ಷದ ಪ್ರಕಾರ ಬರೆಯುವುದರಲ್ಲಿ ಇನ್ನೊಂದು ಮಜಾ ಇದೆ. ವೂ-ಟ್ಯಾಂಗ್ ಕ್ಲ್ಯಾನ್‌ನ ಮೊದಲ ಆಲ್ಬಮ್, ಅ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ‘ಮಿಡ್‌ನೈಟ್ ಮರಾಡರ್ಸ್’ ಎರಡೂ 1993ರ ನವೆಂಬರ್ 9ರಂದೇ ಅಂಗಡಿಗೆ ಬಂದವು. ಒಂದು ಕೊಳಕು ನೆಲಮಾಳಿಗೆಯ ಸದ್ದು, ಇನ್ನೊಂದು ನಯವಾದ ಜಾಝ್. ‘90ರ ದಶಕದ ಸೌಂಡ್’ ಅಂತ ಒಂದೇ ಸೌಂಡ್ ಇರಲಿಲ್ಲ ಅಂತ ತಿಳಿಯಲು ಈ ಒಂದು ತಾರೀಖು ಸಾಕು.

ಸಾಮಾನ್ಯ ತಪ್ಪು: ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇರುವುದನ್ನಷ್ಟೇ ಹಿಪ್-ಹಾಪ್ ಅಂದುಕೊಳ್ಳುವುದು. ಡಿ ಲಾ ಸೋಲ್‌ನ 1989ರ ‘3 ಫೀಟ್ ಹೈ ಆ್ಯಂಡ್ ರೈಸಿಂಗ್’ ಸ್ಯಾಂಪಲ್‌ಗಳ ಹಕ್ಕಿನ ತಕರಾರಿನಿಂದಾಗಿ 2023ರ ಮಾರ್ಚ್ 3ರವರೆಗೆ ಸ್ಟ್ರೀಮಿಂಗ್‌ನಲ್ಲಿ ಇರಲೇ ಇಲ್ಲ. ಅಷ್ಟು ವರ್ಷ ಎಷ್ಟೋ ಹುಡುಗರ ಪಟ್ಟಿಯಲ್ಲಿ ಅದು ಇರಲಿಲ್ಲ. ಚೆನ್ನಾಗಿಲ್ಲ ಅಂತ ಅಲ್ಲ, ಸಿಗುತ್ತಿರಲಿಲ್ಲ.

## ಹಂತ 4: ಕೇಳುವುದು

ಹೆಚ್ಚು ಜನ ಬೀಳುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಆಲ್ಬಮ್ ಮೂರು ಸಲ. ಮೊದಲ ಸಲ ಸಾಹಿತ್ಯ ನೋಡದೆ, ಮೊದಲಿನಿಂದ ಕೊನೆಯವರೆಗೆ, ಬೇರೆ ಕೆಲಸ ಮಾಡದೆ. ಎರಡನೇ ಸಲ ಜೀನಿಯಸ್ ತೆರೆದಿಟ್ಟುಕೊಂಡು. ಮೂರನೇ ಸಲ ಎರಡು ದಿನ ಬಿಟ್ಟು, ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲೋ. ಮೂರನೇ ಸಲ ನಿಮ್ಮ ಕೈ ಎಷ್ಟು ಬಾರಿ ‘ಮುಂದಿನ ಹಾಡು’ ಬಟನ್ ಕಡೆ ಹೋಯಿತು ಅಂತ ಎಣಿಸಿ. ಒತ್ತಬೇಡಿ, ಎಣಿಸಿ ಮಾತ್ರ. ಆ ಸಂಖ್ಯೆ ಸುಳ್ಳು ಹೇಳುವುದಿಲ್ಲ.

ನಾಸ್‌ನ ‘ಇಲ್‌ಮ್ಯಾಟಿಕ್’ (1994) ತೆಗೆದುಕೊಳ್ಳೋಣ. ಹತ್ತು ಟ್ರ್ಯಾಕ್, 40 ನಿಮಿಷಕ್ಕೆ ಸ್ವಲ್ಪ ಕಮ್ಮಿ. ಮೊದಲ ಸಲ ಕೇಳಿದಾಗ ನನಗೆ ಸಿಕ್ಕಿದ್ದು ಎರಡನೇ ಟ್ರ್ಯಾಕ್‌ನ ಪಿಯಾನೋ ಮಾತ್ರ. ಅದರ ಬೀಟ್ ಕಟ್ಟಿದ ಡಿಜೆ ಪ್ರೀಮಿಯರ್ ಕೆಳಸ್ವರದ ಒಂದು ತುಣುಕನ್ನು ಕತ್ತರಿಸಿ ಸುತ್ತಿಸುತ್ತಲೇ ಇರುತ್ತಾನೆ, ರಾತ್ರಿ ಕತ್ತಲೆ ಗಲ್ಲಿಯಲ್ಲಿ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸುವ ಹಾಗೆ. ಮಾತು ಒಂದೂ ಅರ್ಥ ಆಗಲಿಲ್ಲ. ಎರಡನೇ ಸಲ ಸಾಹಿತ್ಯ ನೋಡಿದಾಗ ಪ್ರಾಸ ಕಂಡಿತು. ನಾವು ಪ್ರಾಸ ಅಂದರೆ ಸಾಲಿನ ಕೊನೆ ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಸಾಲಿನ ಹೊಟ್ಟೆಯೊಳಗೇ ಎರಡು ಮೂರು ಪ್ರಾಸ, ಅದೂ ಒಂದು ಅಕ್ಷರದ್ದಲ್ಲ, ಮೂರು ನಾಲ್ಕು ಅಕ್ಷರದ ಗುಂಪುಗಳದ್ದು. ಶಾಲೆಯಲ್ಲಿ ದ್ವಿತೀಯಾಕ್ಷರ ಪ್ರಾಸ ಅಂತ ಉರು ಹೊಡೆದವರಿಗೆ ಇದು ಹಿಡಿಯುವುದು ಕಷ್ಟ ಅಲ್ಲ. ಮೂರನೇ ಸಲ ಕೇಳಿದಾಗ ಮೂರನೇ ಟ್ರ್ಯಾಕ್‌ನ ಕೊನೆಯ ಕಹಳೆ ಕಿವಿಗೆ ಬಿತ್ತು. ನುಡಿಸಿದ್ದು ನಾಸ್‌ನ ಅಪ್ಪ ಓಲು ಡಾರಾ. ಮಗ ಸಾವಿನ ಮಾತಾಡಿ ಮುಗಿಸಿದ ಮೇಲೆ ಅಪ್ಪ ಸುಮ್ನೆ ಊದುತ್ತಾನೆ. ಒಂದೇ ಸಲ ಕೇಳಿ ಅಂಕ ಕೊಟ್ಟಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಸ್ಲ್ಯಾಂಗ್ ಅರ್ಥ ಆಗದಿದ್ದರೆ ಅಂಕ ಕಳೆಯಬೇಡಿ. ಹುಬ್ಬಳ್ಳಿಯವರು ಜೋರಾಗಿ ಮಾತಾಡಿದರೆ ಮಂಗಳೂರಿನವರಿಗೆ ಮೊದಲ ಸಲಕ್ಕೆ ಎಷ್ಟು ಸಿಗುತ್ತದೆ? ಅಷ್ಟೇ.

ಈ ಹಂತದಲ್ಲಿ ಕಾಲಿಗೆ ಸಿಕ್ಕುವ ಹಗ್ಗಗಳು ನಾಲ್ಕು.

ಶಫಲ್. ಆಫ್ ಮಾಡಿ. ಕೆಂಡ್ರಿಕ್ ಲಮಾರ್‌ನ 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’ಯಲ್ಲಿ ಅಪ್ಪ ಅಮ್ಮ ಫೋನ್ ಮಾಡಿ ‘ನಮ್ಮ ವ್ಯಾನ್ ತಂದುಕೊಡು’ ಅಂತ ಕೇಳುವ ಸಂದೇಶಗಳು ಹಾಡುಗಳ ನಡುವೆ ಬರುತ್ತವೆ. ಶಫಲ್ ಹಾಕಿದರೆ ಕಥೆಯೇ ಚೆಲ್ಲಾಪಿಲ್ಲಿ.

ಕ್ಲೀನ್ ವರ್ಷನ್. ಆ್ಯಪ್‌ಗಳಲ್ಲಿ ಬೈಗುಳ ತೆಗೆದ ಪ್ರತಿಯೂ ಅದೇ ಮುಖಚಿತ್ರದಲ್ಲಿ ಇರುತ್ತದೆ. ಹಾಡಿನ ಹೆಸರಿನ ಪಕ್ಕ ಚಿಕ್ಕ ‘E’ ಗುರುತು ಇದೆಯಾ ನೋಡಿಕೊಳ್ಳಿ, ಇದ್ದರೆ ಅದು ಕತ್ತರಿಸದ ಪ್ರತಿ. ನಾನು ಒಂದು ಆಲ್ಬಮನ್ನು ಎರಡು ವಾರ ಕೇಳಿ, ಫ್ಲೋ (ಮಾತಿನ ಓಟ) ಅಲ್ಲಲ್ಲಿ ಮುರಿಯುತ್ತದೆ ಅಂತ ಅರ್ಧ ಪುಟ ಟೀಕೆ ಬರೆದಿದ್ದೆ. ಮುರಿದದ್ದು ಕತ್ತರಿ.

ಡೀಲಕ್ಸ್. ಮೂಲ ಟ್ರ್ಯಾಕ್ ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲೇ ನಿಲ್ಲಿಸಿ. ಆಮೇಲೆ ಅಂಟಿಸಿದ ಆರು ಹಾಡು ಆಲ್ಬಮ್ ಅಲ್ಲ.

ಬದಲಾದ ಮೂಲ. ‘ರೆಡಿ ಟು ಡೈ’ ಮೇಲೆ ಸ್ಯಾಂಪಲ್ ಕೇಸ್ ನಡೆದು 2006ರಲ್ಲಿ ತೀರ್ಪು ಬಂದ ಮೇಲೆ ಹೊಸ ಪ್ರತಿಗಳಲ್ಲಿ ಕೆಲವು ಸ್ಯಾಂಪಲ್ ತೆಗೆದಿದ್ದಾರೆ. ಹಳೆಯ ಸಿಡಿ ಕೇಳಿದವರೂ ನೀವೂ ಒಂದೇ ಆಲ್ಬಮ್ ಬಗ್ಗೆ ಮಾತಾಡುತ್ತಿಲ್ಲದೇ ಇರಬಹುದು.

## ಹಂತ 5: ಅಳತೆಗೋಲು

ನಾನು ಐದು ಇಟ್ಟುಕೊಂಡಿದ್ದೇನೆ: ಫ್ಲೋ, ಬರವಣಿಗೆ, ಬೀಟ್, ಇಡೀ ಆಲ್ಬಮ್ ಒಂದಾಗಿ ನಿಲ್ಲುವುದು, ಮತ್ತೆ ಮತ್ತೆ ಕೇಳಿಸಿಕೊಳ್ಳುವ ಗುಣ.

ಫ್ಲೋ ಅಂದರೆ ವೇಗ ಅಲ್ಲ. ಮಾತು ತಾಳದ ಜೊತೆ ಹೇಗೆ ಆಟ ಆಡುತ್ತದೆ ಅನ್ನುವುದು. ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸಿ ಎಮಿನೆಮ್‌ಗೆ ಕಿರೀಟ ಕೊಡುವವರು ಈ ತಪ್ಪು ಮಾಡುತ್ತಾರೆ. ರಕಿಮ್ 1987ರಲ್ಲಿ ‘ಪೇಯ್ಡ್ ಇನ್ ಫುಲ್’ ಆಲ್ಬಮ್‌ನಲ್ಲಿ ದನಿ ಏರಿಸದೆ, ಅವಸರ ಇಲ್ಲದೆ, ಸಾಲನ್ನು ತಾಳದ ಗೆರೆ ದಾಟಿಸಿ ಮುಂದಿನದಕ್ಕೆ ಹೊಲಿಯುತ್ತಾನೆ. ಕಾಲಲ್ಲಿ ತಾಳ ಹಾಕುತ್ತಾ ಕೇಳಿ, ಪದ ಎಲ್ಲಿ ಬೀಳುತ್ತದೆ ಅಂತ ನೋಡಿ. ಗೊತ್ತಾಗುತ್ತದೆ.

ಬೀಟ್ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಕಾಯಿಲೆ ಇದೆ. ಗೊತ್ತಿರುವ ದನಿ ಕೇಳಿದ ತಕ್ಷಣ ಎರಡು ಅಂಕ ಜಾಸ್ತಿ ಕೊಟ್ಟುಬಿಡುತ್ತೇವೆ. 2002ರಲ್ಲಿ ಗಾಯಕಿ ಟ್ರೂತ್ ಹರ್ಟ್ಸ್‌ನ ‘ಅಡಿಕ್ಟಿವ್’ ಹಾಡಿನಲ್ಲಿ 1981ರ ‘ಜ್ಯೋತಿ’ ಚಿತ್ರದ ಲತಾ ಮಂಗೇಶ್ಕರ್ ದನಿಯನ್ನು ಹಾಗೇ ಬಳಸಿದ್ದರು, ಅದು ಕೋರ್ಟಿಗೂ ಹೋಯಿತು. ನಮಗೆ ರೋಮಾಂಚನ ಆಗುವುದು ಲತಾ ದನಿಗೆ. ಬೀಟ್ ಕಟ್ಟಿದವರು ಅದಕ್ಕೆ ಏನು ಸೇರಿಸಿದರು ಅನ್ನುವುದಕ್ಕೆ ಮಾತ್ರ ಅಂಕ. ಹೋಲಿಸಬೇಕಾದರೆ ಅದಕ್ಕೆ ಹಿಂದಿನ ವರ್ಷ ಬೀಟ್ ಕಟ್ಟುವ ಟಿಂಬಲ್ಯಾಂಡ್ ಮಿಸ್ಸಿ ಎಲಿಯಟ್‌ಗಾಗಿ ಪಂಜಾಬಿ ತಂತಿವಾದ್ಯ ತುಂಬಿಯ ನಾದದ ಮೇಲೆ ಕಟ್ಟಿದ ‘ಗೆಟ್ ಯುವರ್ ಫ್ರೀಕ್ ಆನ್’ ಕೇಳಿ. ಅಲ್ಲಿ ತುಂಬಿ ಅಲಂಕಾರ ಅಲ್ಲ, ಇಡೀ ಹಾಡೇ ಅದರ ಮೇಲೆ ಕುಣಿಯುತ್ತದೆ.

ಮಾರಾಟ, ಪ್ರಶಸ್ತಿ ಎರಡನ್ನೂ ಅಳತೆಗೋಲು ಮಾಡಬೇಡಿ. ಎಂಸಿ ಹ್ಯಾಮರ್‌ನ 1990ರ ಆಲ್ಬಮ್ ಅಮೆರಿಕದಲ್ಲಿ 1 ಕೋಟಿ ಪ್ರತಿಗಳ ಡೈಮಂಡ್ ದರ್ಜೆ ಪಡೆದಿದೆ, ನಿಮ್ಮ ಟಾಪ್ 10ರಲ್ಲಿ ಇದೆಯಾ? ಅಲ್ಲಿನ ಲೆಕ್ಕವೂ ಬೇರೆ ಥರ. 100 ನಿಮಿಷ ದಾಟಿದ ಎರಡು ಡಿಸ್ಕ್‌ನ ಆಲ್ಬಮ್ ಒಂದು ಮಾರಾಟವಾದರೆ ಎರಡು ಅಂತ ಎಣಿಸುತ್ತಾರೆ. ಟೂಪಾಕ್‌ನ ‘ಆಲ್ ಐಸ್ ಆನ್ ಮಿ’ ಹಾಗೆ ಎಣಿಸಿ ಡೈಮಂಡ್ ಆದದ್ದು. 2016ರಿಂದ ಈಚೆಗೆ 1,500 ಸ್ಟ್ರೀಮ್ ಅಂದರೂ ಒಂದು ಆಲ್ಬಮ್. ಗ್ರ್ಯಾಮಿ ಕಥೆ ಇನ್ನೂ ಚೆನ್ನಾಗಿದೆ. 2014ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಪ್ರಶಸ್ತಿ ಕೆಂಡ್ರಿಕ್‌ನ ‘ಗುಡ್ ಕಿಡ್’ ಬಿಟ್ಟು ಮ್ಯಾಕ್ಲಮೋರ್ ಮತ್ತು ರಯನ್ ಲೂಯಿಸ್‌ಗೆ ಹೋಯಿತು. ನಾಸ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2021ರಲ್ಲಿ, ‘ಇಲ್‌ಮ್ಯಾಟಿಕ್’ ಬಂದು 27 ವರ್ಷದ ಮೇಲೆ.

ನನ್ನ ತಪ್ಪು: ಐದು ಕಾಲಮ್ ಹಾಕಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಎಕ್ಸೆಲ್‌ನಲ್ಲಿ ಸರಾಸರಿ ತೆಗೆದೆ. ಎಲ್ಲದರಲ್ಲೂ ಎಂಟು ಬಂದ ಒಂದು ಆಲ್ಬಮ್ ಮೊದಲನೇ ಸ್ಥಾನಕ್ಕೆ ಬಂತು. ಎರಡು ವರ್ಷದಿಂದ ನಾನು ಅದನ್ನು ಒಮ್ಮೆಯೂ ಹಾಕಿರಲಿಲ್ಲ! ಅಳತೆಗೋಲು ಇರುವುದು ಮಾತಾಡಲು, ಕೂಡಿಸಲು ಅಲ್ಲ. ಹಾಗಾದರೆ ಕ್ರಮ ಹೇಗೆ ಬರುತ್ತದೆ? ಮುಂದಿನ ಹಂತ.

## ಹಂತ 6: ಇಬ್ಬಿಬ್ಬರನ್ನು ಎದುರು ನಿಲ್ಲಿಸಿ

ಮೊದಲು 60ನ್ನು 20ಕ್ಕೆ ಇಳಿಸಿ. ಇದು ಸುಲಭ, ಬಟನ್ ಕಡೆ ಕೈ ಹೋದ ಲೆಕ್ಕವೇ ಅರ್ಧ ಕೆಲಸ ಮಾಡಿರುತ್ತದೆ. 20ರಿಂದ 10ಕ್ಕೆ ಬರುವಾಗ ಸ್ವಲ್ಪ ರಕ್ತ ಸುರಿಯುತ್ತದೆ. ಹತ್ತು ಉಳಿದ ಮೇಲೆ ಪ್ರತಿಯೊಂದನ್ನೂ ಉಳಿದ ಒಂಬತ್ತರ ಎದುರು ನಿಲ್ಲಿಸಿ. ಒಟ್ಟು 45 ಜೋಡಿ. ಒಂದು ದಿನಕ್ಕೆ ಐದು ಜೋಡಿಗಿಂತ ಜಾಸ್ತಿ ಬೇಡ. ಪ್ರತಿ ಜೋಡಿಗೂ ಗೆದ್ದವರ ಹೆಸರು, ಒಂದು ಸಾಲಿನ ಕಾರಣ. ಕಾರಣ ಬರೆಯಲು ಆಗದಿದ್ದರೆ ಆ ಜೋಡಿ ಇನ್ನೂ ತೀರ್ಮಾನ ಆಗಿಲ್ಲ.

ನನ್ನ ನೋಟ್‌ಬುಕ್‌ನಿಂದ ಒಂದು ಜೋಡಿ: ‘ಇಲ್‌ಮ್ಯಾಟಿಕ್’ ಮತ್ತು ‘ರೆಡಿ ಟು ಡೈ’. ಎರಡೂ 1994, ಎರಡೂ ನ್ಯೂಯಾರ್ಕ್, ಒಂದು ಏಪ್ರಿಲ್, ಇನ್ನೊಂದು ಸೆಪ್ಟೆಂಬರ್. ನಾಸ್ ಕಿಟಕಿಯಲ್ಲಿ ಕೂತು ಕೆಳಗಿನ ಬೀದಿ ನೋಡಿ ಬರೆದವನ ಹಾಗೆ, ಬಿಗ್ಗಿ ಬೀದಿಯಲ್ಲೇ ನಿಂತು ಕಥೆ ಹೇಳುವವನ ಹಾಗೆ. ಬಿಗ್ಗಿ ನಗಿಸುತ್ತಾನೆ, ನಾಸ್ ನಗಿಸುವುದಿಲ್ಲ. ಬಿಗ್ಗಿಯ ಆಲ್ಬಮ್ ಹುಟ್ಟಿನ ಸದ್ದಿನಿಂದ ಶುರುವಾಗಿ ಸಾವಿಗೆ ಮುಗಿಯುತ್ತದೆ, ಕಟ್ಟುವಿಕೆ ದೊಡ್ಡದು. ಆದರೆ 17 ಟ್ರ್ಯಾಕ್‌ಗಳಲ್ಲಿ ನನ್ನ ಕೈ ಮೂರು ಸಲ ಬಟನ್ ಕಡೆ ಹೋಯಿತು. ‘ಇಲ್‌ಮ್ಯಾಟಿಕ್’ನಲ್ಲಿ ಒಂದು ಸಲವೂ ಹೋಗಲಿಲ್ಲ. ಗೆದ್ದದ್ದು ‘ಇಲ್‌ಮ್ಯಾಟಿಕ್’, ಕೂದಲೆಳೆಯಲ್ಲಿ. ನೀವು ಒಪ್ಪದೇ ಇರಬಹುದು, ಆದರೆ ಎಲ್ಲಿ ಒಪ್ಪುವುದಿಲ್ಲ ಅಂತ ಬೆರಳಿಟ್ಟು ತೋರಿಸಬಹುದು. ನಮಗೆ ಬೇಕಾದದ್ದು ಅದೇ.

ಎಚ್ಚರಿಕೆ: ‘ಎ’ ‘ಬಿ’ಯನ್ನು ಸೋಲಿಸಿ, ‘ಬಿ’ ‘ಸಿ’ಯನ್ನು ಸೋಲಿಸಿ, ‘ಸಿ’ ಬಂದು ‘ಎ’ಯನ್ನು ಸೋಲಿಸಿದರೆ ನೀವು ನಡುವೆ ಅಳತೆಗೋಲು ಬದಲಿಸಿದ್ದೀರಿ. ಬರೆದ ಮೂರು ಕಾರಣ ಓದಿ, ಸಿಕ್ಕಿಬೀಳುತ್ತೀರಿ. ನನಗೆ ಇದು ರ‍್ಯಾಪರ್ ಎಂಎಫ್ ಡೂಮ್, ಬೀಟ್ ಕಟ್ಟುವ ಮ್ಯಾಡ್‌ಲಿಬ್ ಸೇರಿ ಮಾಡಿದ ‘ಮ್ಯಾಡ್‌ವಿಲನಿ’ (2004) ವಿಷಯದಲ್ಲಿ ಆಯಿತು. 22 ಟ್ರ್ಯಾಕ್, 46 ನಿಮಿಷ, ಪಲ್ಲವಿ ಅನ್ನುವುದು ಹುಡುಕಬೇಕು. ಒಂದು ಜೋಡಿಯಲ್ಲಿ ‘ಚುಟುಕಾಗಿದೆ’ ಅಂತ ಗೆಲ್ಲಿಸಿದ್ದೆ, ಇನ್ನೊಂದರಲ್ಲಿ ‘ಅರ್ಧಕ್ಕೇ ನಿಲ್ಲಿಸುತ್ತಾನೆ’ ಅಂತ ಸೋಲಿಸಿದ್ದೆ. ಎರಡೂ ಒಂದೇ ಮಾತು!

## ಹಂತ 7: ಒಂದು ವಾರ ಮುಚ್ಚಿಡಿ, ಆಮೇಲೆ ತಪಾಸಣೆ

ವಾರ ಬಿಟ್ಟು ತೆಗೆದು ಈ ಲಕ್ಷಣಗಳಿವೆಯಾ ನೋಡಿ. ಹತ್ತರಲ್ಲಿ ಏಳು 1992ರಿಂದ 1996ರೊಳಗೆ ಇದ್ದರೆ ನೀವು ಬೇರೆಯವರ ನೆನಪನ್ನು ಸಾಲ ತಂದಿದ್ದೀರಿ. ಏಳು ನಿಮ್ಮ 16ರಿಂದ 22ನೇ ವಯಸ್ಸಿನೊಳಗೆ ಬಂದಿದ್ದರೆ ಅದು ನಿಮ್ಮ ಡೈರಿ. ಎಲ್ಲವೂ ಒಂದೇ ಊರಿನವಾದರೆ 3ನೇ ಹಂತಕ್ಕೆ ವಾಪಸ್. ಹತ್ತರಲ್ಲಿ ಒಂದಾದರೂ ನಿಮಗೇ ಆಶ್ಚರ್ಯ ಆಗುವಂಥದ್ದು ಇಲ್ಲದಿದ್ದರೆ, ಎರಡು ತಿಂಗಳು ಕೇಳಿದ್ದರಿಂದ ಏನೂ ಬದಲಾಗಲಿಲ್ಲ ಅಂತ ಆಯಿತು, ಅದು ಅನುಮಾನ ಪಡಬೇಕಾದ ವಿಷಯವೇ.

ಪತ್ರಿಕೆಗಳ ಪಟ್ಟಿ ಈಗ ತೆರೆಯಿರಿ. ಬಿಟ್ಟುಹೋದದ್ದು ಏನಾದರೂ ಇದೆಯಾ ಅಂತ ನೋಡಲು ಮಾತ್ರ.

## ಹಂತ 8: ರ‍್ಯಾಪರ್‌ಗಳ ಪಟ್ಟಿ, ಹಾಡುಗಳ ಪಟ್ಟಿ ಬೇರೆ ಮಾಡಿ

ಆಲ್ಬಮ್ ಪಟ್ಟಿಯಲ್ಲಿ ಮೇಲಿದ್ದವನು ರ‍್ಯಾಪರ್ ಪಟ್ಟಿಯಲ್ಲೂ ಮೇಲಿರಬೇಕು ಅಂತ ಏನಿಲ್ಲ. ‘ದಿ ಕ್ರಾನಿಕ್’ ನನ್ನ ಹತ್ತರಲ್ಲಿದೆ, ಡ್ರೇ ನನ್ನ ರ‍್ಯಾಪರ್ 50ರಲ್ಲೂ ಇಲ್ಲ. ಆ ಆಲ್ಬಮ್‌ನ ಮಾತುಗಳನ್ನು ಬರೆಯುವುದರಲ್ಲಿ ಸ್ನೂಪ್, ಡಿ.ಓ.ಸಿ. ಮುಂತಾದವರ ಕೈ ಇದೆ. ಬರೆದುಕೊಡುವ ವಿಷಯ ಹೊಸದೂ ಅಲ್ಲ. 1979ರ ‘ರ‍್ಯಾಪರ್ಸ್ ಡಿಲೈಟ್’ನಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಇನ್ನೊಬ್ಬ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್‌ನ ಸಾಲು ಎತ್ತಿಕೊಂಡು, ಅದರಲ್ಲಿದ್ದ ಕ್ಯಾಝ್‌ನ ಹೆಸರನ್ನೂ ಅಕ್ಷರ ಬಿಡಿಸಿ ಹೇಳಿಬಿಟ್ಟಿದ್ದಾನೆ. ಬೇರೆಯವರು ಬರೆದದ್ದು ನಡೆಯುತ್ತದೆಯೋ ಇಲ್ಲವೋ, ಮೊದಲೇ ಬರೆದಿಡಿ.

ಇನ್ನೆರಡು ಪ್ರಶ್ನೆ ಇಲ್ಲಿ ತೀರ್ಮಾನ ಆಗಬೇಕು. ಶಿಖರ ಮುಖ್ಯವೋ, ಓಡಿದ ದೂರ ಮುಖ್ಯವೋ? ಬಿಗ್ಗಿ 24ಕ್ಕೆ ತೀರಿಕೊಂಡ, ಎರಡನೇ ಆಲ್ಬಮ್ ಬಂದದ್ದು ಸತ್ತು 16 ದಿನಕ್ಕೆ. ಜೇ-ಝೀ 1996ರಿಂದ 2017ರವರೆಗೆ 13 ಸೋಲೋ ಆಲ್ಬಮ್ ಮಾಡಿದ. 2023ರಲ್ಲಿ ಬಿಲ್‌ಬೋರ್ಡ್ ಮತ್ತು ವೈಬ್ ಪತ್ರಿಕೆಗಳು ಸೇರಿ 50 ರ‍್ಯಾಪರ್‌ಗಳನ್ನು ಆರಿಸಿದಾಗ ಜೇ-ಝೀ ಮೊದಲು ಬಂದದ್ದರಲ್ಲಿ ಈ ದೂರಕ್ಕೂ ಪಾಲಿದೆ. ಎರಡನೆಯದು, ಬೇರೆಯವರ ಹಾಡಲ್ಲಿ ಬಂದುಹೋಗುವ ವರ್ಸ್‌ಗಳಿಗೆ (ಚರಣಗಳಿಗೆ) ಬೆಲೆ ಇದೆಯೋ ಇಲ್ಲವೋ? ಪರೀಕ್ಷೆಗೆ ಆಂಡ್ರೆ 3000 ಸಾಕು. ಅವನ ಒಂದೇ ಒಂದು ಸೋಲೋ ರ‍್ಯಾಪ್ ಆಲ್ಬಮ್ ಇಲ್ಲ, 2023ರಲ್ಲಿ ಬಿಟ್ಟದ್ದು ಕೊಳಲಿನ ಆಲ್ಬಮ್. ಆದರೂ ಅವನಿಲ್ಲದ ಟಾಪ್ 10 ನನಗೆ ಒಪ್ಪಿಗೆ ಆಗುವುದಿಲ್ಲ.

ಹಾಡುಗಳ ಪಟ್ಟಿಗೆ ಒಂದೇ ಎಚ್ಚರಿಕೆ. ಅದು ಆಲ್ಬಮ್ ಪಟ್ಟಿಗಿಂತ ಮುಂಚೆಯೇ ಶುರುವಾಗಬೇಕು. ಮೊದಲ ವರ್ಷಗಳಲ್ಲಿ ರ‍್ಯಾಪ್ ಬರುತ್ತಿದ್ದದ್ದು 12 ಇಂಚಿನ ರೆಕಾರ್ಡ್‌ನಲ್ಲಿ ಬಿಡಿ ಹಾಡಾಗಿ. 1982ರ ‘ದ ಮೆಸೇಜ್’ ಬಿಟ್ಟು 1988ರಿಂದ ಶುರು ಮಾಡಿದರೆ ಅಡಿಪಾಯ ಬಿಟ್ಟು ಗೋಡೆ ಎಬ್ಬಿಸಿದ ಹಾಗೆ.

## ಹಂತ 9: ಈಗ ಜಗಳಕ್ಕೆ ಇಳಿಯಿರಿ

ಉತ್ತರ ಕರ್ನಾಟಕದಲ್ಲಿ ಹರದೇಶಿ-ನಾಗೇಶಿ ಗೀಗೀ ಪದ ಕೇಳಿದ್ದರೆ ಇದರ ನಿಯಮ ನಿಮಗೆ ಆಗಲೇ ಗೊತ್ತು. ಒಂದು ಮೇಳ ಸವಾಲು ಹಾಕಿದರೆ ಎದುರಿನ ಮೇಳ ಅದಕ್ಕೆ ಜವಾಬು ಕೊಡಬೇಕು, ಆಮೇಲೆ ತನ್ನ ಸವಾಲು. ಜವಾಬು ತಪ್ಪಿಸಿ ಇನ್ನೊಂದು ಸವಾಲು ಎಸೆದರೆ ಕೇಳುವವರೇ ನಗುತ್ತಾರೆ.

ಹಾಗಾಗಿ ಮೊದಲು ಎದುರಿನವರ ಪ್ರಶ್ನೆ ಕೇಳಿ. ಅವರ ‘ಬೆಸ್ಟ್’ 1ನೇ ಹಂತದ ಮೂರರಲ್ಲಿ ಯಾವುದು? ಮನೆ ಹತ್ತಿರದ ದರ್ಶಿನಿ ಮುಂದೆ ನಾನೂ ಗೆಳೆಯನೂ ಮೂರು ಬೈಟು ಕಾಫಿ ಮುಗಿಯುವವರೆಗೆ ಕಿತ್ತಾಡಿದ್ದೇವೆ. ‘ಲೋ ಮಗಾ, ಜೇ-ಝೀ ಹತ್ರ ಇರೋ ಅಷ್ಟು ಹಾಡು ನಾಸ್ ಹತ್ರ ಇದ್ಯೇನೋ?’ ಅಂತ ಅವನು. ಒಂದೇ ಒಂದು ‘ಇಲ್‌ಮ್ಯಾಟಿಕ್’ ತೋರಿಸು ಅಂತ ನಾನು. ಬಿಲ್ ಕೊಡುವಾಗ ಗೊತ್ತಾಯಿತು, ಅವನು ಇಪ್ಪತ್ತು ವರ್ಷದ ಲೆಕ್ಕ ಹೇಳುತ್ತಿದ್ದ, ನಾನು ನಲವತ್ತು ನಿಮಿಷದ ಲೆಕ್ಕ.

ಆಮೇಲೆ ಅವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ಒಮ್ಮೆ ಹೇಳಿ, ‘ಹೌದು, ಇದೇ’ ಅಂದ ಮೇಲೆ ಮುಂದುವರಿಯಿರಿ. ತಾರೀಖು, ಯಾರು ಬರೆದರು, ಯಾವ ಸ್ಯಾಂಪಲ್, ಇವು ವಾದಕ್ಕೆ ಬಿಟ್ಟದ್ದಲ್ಲ, ಫೋನ್ ತೆಗೆದು ನೋಡಿ ಮುಗಿಸಿ. ವಾದಕ್ಕೆ ಉಳಿಯುವುದು ಕಿವಿಗೆ ಸಂಬಂಧಿಸಿದ್ದು ಮಾತ್ರ, ಅದಕ್ಕೆ ಹಾಡು ಹಾಕಿ ತೋರಿಸಿ. ‘ಎರಡನೇ ವರ್ಸ್ ಕೇಳು’ ಅನ್ನುವುದು ಹತ್ತು ವಿಶೇಷಣಕ್ಕೆ ಸಮ.

ಪ್ರಶ್ನೆಗಳು ಗೋಜಲಾದಾಗ ಬಿಡಿಸಿ. ರ‍್ಯಾಪರ್‌ಗಳಾದ ಡ್ರೇಕ್, ಕೆಂಡ್ರಿಕ್ ಹಾಡುಗಳಲ್ಲೇ ಬೈದಾಡಿಕೊಂಡ 2024ರ ಕದನ ಇದಕ್ಕೆ ಒಳ್ಳೆಯ ಉದಾಹರಣೆ. ‘ಆ ಜಗಳದಲ್ಲಿ ಗೆದ್ದವರು ಯಾರು?’ ಇದಕ್ಕೆ ಉತ್ತರ ಸಿಕ್ಕಿ ಆಯಿತು. ಮೇ 4ಕ್ಕೆ ಬಂದ ಕೆಂಡ್ರಿಕ್‌ನ ‘ನಾಟ್ ಲೈಕ್ ಅಸ್’ ಮುಂದಿನ ವರ್ಷ ಐದು ಗ್ರ್ಯಾಮಿ ಎತ್ತಿಕೊಂಡಿತು, ನನಗೆ ಗ್ರ್ಯಾಮಿ ಬೇಡ, ಅದರ ಪಲ್ಲವಿಯನ್ನು ಇಡೀ ಕ್ರೀಡಾಂಗಣ ಕೂಗಿದ್ದು ಸಾಕು. ‘ಯಾರ ಒಟ್ಟು ಕೆಲಸ ದೊಡ್ಡದು?’ ಬೇರೆ ಪ್ರಶ್ನೆ. ‘ಯಾರ ಹಾಡು ಮದುವೆ ಮನೆಯಲ್ಲಿ ನಡೆಯುತ್ತದೆ?’ ಮೂರನೆಯದು, ಅಲ್ಲಿ ಡ್ರೇಕ್‌ಗೆ ಅವಕಾಶ ಇದೆ.

ನಿಲ್ಲಿಸಬೇಕಾದ ಲಕ್ಷಣಗಳು: ತಿಂಗಳ ಕೇಳುಗರ ಸಂಖ್ಯೆಯ ಸ್ಕ್ರೀನ್‌ಶಾಟ್ ಬಂತು. ‘ನಿನಗೆ ಹಿಪ್-ಹಾಪ್ ಗೊತ್ತೇ ಇಲ್ಲ’ ಅನ್ನುವ ಮಾತು ಬಂತು. ನೀವೇ ನಿಮ್ಮ ಮೊದಲ ಪುಟದ ಪ್ರಶ್ನೆ ಮರೆತು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ. ಕೊನೆಯದು ಎಲ್ಲಕ್ಕಿಂತ ಜಾಸ್ತಿ ಆಗುವಂಥದ್ದು.

## ಹಂತ 10: ತಾರೀಖು ಹಾಕಿ ಎತ್ತಿಡಿ

ಪಟ್ಟಿಯ ಕೆಳಗೆ ತಾರೀಖು ಬರೆಯಿರಿ. ಒಂದು ವರ್ಷದವರೆಗೆ ಮುಟ್ಟಬೇಡಿ. ಹೊಸ ಆಲ್ಬಮ್ ಬಂದ ವಾರದಲ್ಲೇ ಅದನ್ನು ಒಳಗೆ ಸೇರಿಸಬೇಡಿ, ರಾಶಿಯ ಪುಟದಲ್ಲಿ ಬರೆದಿಟ್ಟುಕೊಳ್ಳಿ, 12 ತಿಂಗಳಾದ ಮೇಲೆ 4ನೇ ಹಂತದಿಂದ ಹತ್ತಿಸಿ. ಹಳೆಯ ಪಟ್ಟಿ ಹರಿಯಬೇಡಿ. ನನ್ನ ಮೊದಲ ಪಟ್ಟಿಯಲ್ಲಿ ಔಟ್‌ಕಾಸ್ಟ್‌ನ ‘ಅಕ್ವೆಮಿನಿ’ 9ರಲ್ಲಿತ್ತು, ಎರಡನೆಯದರಲ್ಲಿ 5, ಈಗ 2. ಮೊದಲನೆಯದರ ಪಕ್ಕ ನಾನೇ ಬರೆದ ಕಾರಣ ಇನ್ನೂ ಇದೆ: ‘ಹಾಡುಗಳು ಉದ್ದ ಜಾಸ್ತಿ.’